ಶೀತಲಳ ಪಕ್ಕದ ಕುರ್ಚಿ

ಬಸವ ಜಯಂತಿ ಮುಗಿದ ಮೂರನೆಯ ದಿನ ಪರಮಾನಂದ ಜಮಖಂಡಿಯಿಂದ ಶಾಲೆಯ ಫಾರ್ಮು ತಂದ. ಬನಹಟ್ಟಿಯ ಆ ಮನೆಯಲ್ಲಿ ಎಲ್ಲರೂ ಊಟಕ್ಕೆ ಕುಳಿತಿದ್ದರು. ಅವನ ಅಣ್ಣ ಬಸವಕುಮಾರನ ಮಗಳು ಶೀತಲ್‌ಗೆ ಆರು ತುಂಬಿತ್ತು. ಜೂನಿನಿಂದ ಅವಳನ್ನು ಜಮಖಂಡಿಯ ಇಂಗ್ಲೀಷ್ ಮೀಡಿಯಂ ಶಾಲೆಗೆ ಹಾಕುವುದೆಂದು ಮನೆಯಲ್ಲಿ ಮಾತಾಗಿತ್ತು. ಪರಮಾನಂದ ಎಡಗೈಯಲ್ಲಿ ಫಾರ್ಮು ಹಿಡಿದು, ಬಲಗೈಯಲ್ಲಿ ರೊಟ್ಟಿ ಮುರಿಯುತ್ತಲೇ ಓದಿದ.

"ಮೇ ಮೂವತ್ತಕ್ಕ ಇಂಟರ್‌ವ್ಯೂ. ಹುಡುಗಿ ಜೋಡಿ ತಾಯಿ ಬರಬೇಕಂತ. ತಾಯಿನ್ನ ಪಕ್ಕದ ಕುರ್ಚಿ ಮ್ಯಾಲೆ ಕುಂಡ್ರಿಸಿ ಇಂಗ್ಲೀಷಿನ್ಯಾಗ ಎರಡ ಮಾತು ಕೇಳತಾರಂತ."

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಗಂಗಾಂಬಿಕಾಳ ಕೈ ನಿಂತಿತು. ಅವಳು ಶೀತಲಳ ತಾಯಿ. ಸಾವಳಗಿಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವಳು.

"ತಂದಿ ಬಂದ್ರ ನಡ್ಯೂದಿಲ್ಲೇನು?" ಬಸವಕುಮಾರ ಕೇಳಿದ.

"ನೀ ಬಂದು ಏನ್ ಮಾತಾಡತಿ ಅಣ್ಣಾ ಅಲ್ಲಿ? ಮಗ್ಗದ ಲಾಳಿ, ಕಂಡಿಕಿ, ಬೀಮು?"

ಎಲ್ಲರೂ ನಕ್ಕರು. ಬಸವಕುಮಾರನೂ ನಕ್ಕು, ಉಪ್ಪು ಕೇಳಿದಷ್ಟು ಸುಲಭವಾಗಿ ಅಂದುಬಿಟ್ಟ: "ಸೌಂದರ್ಯಾ ಅದಾಳಲ್ಲ. ಡಿ.ಎಡ್. ಮಾಡ್ಯಾಳ. ತಾಯಿ ಅಂತ ಹೇಳಿ ಅಕೀನ್ನ ಕುಂಡ್ರಿಸಿದ್ರಾತು. ಯಾರ್ ನೋಡಾಕ ಬರ್ತಾರ?"

ಸೌಂದರ್ಯಾ ಪರಮಾನಂದನ ಹೆಂಡತಿ, ಗಂಗಾಂಬಿಕಾಳ ನೆಗೆಣ್ಣಿ. ಮುಧೋಳದಿಂದ ಈ ಮನೆಗೆ ಬಂದು ಮೂರು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಅವಳು ತಲೆ ತಗ್ಗಿಸಿ ಪಲ್ಲೆ ಬಡಿಸುತ್ತಿದ್ದಳು. ತಗ್ಗಿಸಿದ ಮುಖದಲ್ಲಿ ಒಂದು ಬೆಳಕು ಹತ್ತಿಕೊಂಡದ್ದನ್ನು ಗಂಗಾಂಬಿಕಾ ಮಾತ್ರ ಕಂಡಳು.

"ಹೆಂಗೂ ಜೂನಿನ್ಯಾಗ ನಾವಿಬ್ರೂ ಜಮಖಂಡಿಗಿ ಹೋಗಾವ್ರು," ಅಂದ ಪರಮಾನಂದ. ಅವನಿಗೆ ಕೋರ್ಟಿನ ಹತ್ತಿರ ಒಬ್ಬ ವಕೀಲರ ಬಳಿ ಟೈಪಿಂಗ್ ಕೆಲಸ ಸಿಕ್ಕಿತ್ತು, ಎರಡು ಕೋಣೆ ಬಾಡಿಗೆಗೂ ಸಿಕ್ಕಿದ್ದವು. "ಶೀತಲ್ ನಮ್ಮ ಕಡೇನ ಇರ್ಲಿ. ಐತವಾರಕ್ಕೊಮ್ಮೆ ಬಂದು ಹೋಗ್ತಾಳ. ಸಣ್ಣ ಹುಡುಗಿ ದಿನಾ ಬಸ್ಸಿನ್ಯಾಗ ಯಾಕ ಸಾಯಬೇಕು?"

"ಅತ್ತಿ, ರೊಟ್ಟಿ ಹೊತ್ತಾಕತ್ತೈತ್ರಿ," ಅಂದಳು ಸೌಂದರ್ಯಾ ಮೆಲ್ಲಗೆ. ಹೇಳಬೇಕಾದದ್ದು ಗಂಗಾಂಬಿಕಾಳಿಗೆ, ಆದರೆ ಅವಳ ಕಡೆ ನೋಡುವ ಧೈರ್ಯವಾಗದೆ ಅತ್ತೆ ತಂಗೆವ್ವಳಿಗೆ ಹೇಳಿದ್ದಳು.

ಆ ದಿನ ಹೊತ್ತಿದ ರೊಟ್ಟಿಯನ್ನು ಗಂಗಾಂಬಿಕಾ ತಾನೇ ತಿಂದಳು.

*

ಮರುದಿನ ಸಂಜೆಯಿಂದ ಅಂಗಳದ ಬೇವಿನ ಗಿಡದ ಕೆಳಗೆ ಪಾಠ ಶುರುವಾಯಿತು. ಸೌಂದರ್ಯಾ ಶೀತಲಳನ್ನು ಮುಂದೆ ಕೂರಿಸಿಕೊಂಡು ಬಾಚಣಿಗೆಯಿಂದ ತಲೆ ಹಿಕ್ಕುತ್ತ ಕಲಿಸುವಳು.

"ಪುಸ್ತಕದಾಗಿಂದು ಬ್ಯಾಡ. ಈಗ ನಮ್ಮನ್ಯಾಗ ಯಾರ್ ಏನ್ ಮಾಡಾಕತ್ತಾರ, ಎಲ್ಲಿ ಮಾಡಾಕತ್ತಾರ, ಅಷ್ಟ ಹೇಳು. ಅದs ಇಂಗ್ಲೀಷು."

ಶೀತಲ್‌ಗೆ ಅದು ಹೊಸ ಆಟವಾಯಿತು. ಎರಡೇ ದಿನದಲ್ಲಿ ಅವಳು ಮನೆ ತುಂಬ ಓಡಾಡಿ ಮುತ್ಯಾ ಎಂದು ಕರೆಯುವ ಅಜ್ಜನಿಂದ ಹಿಡಿದು ಎಲ್ಲರ ಸುದ್ದಿ ಸಾರತೊಡಗಿದಳು.

"ಮುತ್ಯಾ ಈಸ್ ಸ್ಟ್ಯಾಂಡಿಂಗ್ ನಿಯರ್ ದ ಲೂಮ್! ಆಯಿ ಈಸ್ ಸಿಟಿಂಗ್ ಆನ್ ದ ಕಾಟ್!"

"ಏನಂದ್ಳ ಬೇ ಇಕಿ?" ತಂಗೆವ್ವ ಕೇಳಿದಳು.

"ನೀ ಹೊರಸಿನ ಮ್ಯಾಲೆ ಕುಂತಿ ಅಂದೆ ಆಯಿ."

"ಕುಂತೇನಿ, ಹೌದು. ಅದನ್ನ ಓಣಿಗೆಲ್ಲ ಸಾರೂದು ಯಾಕ? ಮುದುಕಿ ಕುಂತ ಉಣ್ಣಾಕತ್ತಾಳ ಅಂತ ಅಂದಾರು ಮಂದಿ."

ತಂಗೆವ್ವಳ ಸಿಟ್ಟು ಬೇರೆಯದೇ ಇತ್ತು. ಮಧ್ಯಾಹ್ನದ ಊಟವಾದ ಮೇಲೆ ಶೀತಲ್ ಅವಳ ಹೊರಸಿನ ಮೇಲೆ ಬಂದು ಬಿದ್ದುಕೊಂಡು ಕಥೆ ಕೇಳುವುದು ಹುಟ್ಟಿದಾಗಿನಿಂದ ನಡೆದು ಬಂದಿತ್ತು. ಕುಂಬಳಕಾಯಿಯೊಳಗೆ ರಾಜಕುಮಾರಿ ಅಡಗಿ ಕುಳಿತ ಕಥೆಯನ್ನು ತಂಗೆವ್ವ ಎಷ್ಟು ಸಲ ಹೇಳಿದ್ದಳೋ. ಪ್ರತಿ ಸಲವೂ ಕುಂಬಳಕಾಯಿ ಸ್ವಲ್ಪ ದೊಡ್ಡದಾಗುತ್ತಿತ್ತು, ಒಳಗೆ ಹೊಸದೊಂದು ಕಿಟಕಿ ಹುಟ್ಟುತ್ತಿತ್ತು. ಈಗ ಶೀತಲ್ ಅರ್ಧಕ್ಕೇ ಎದ್ದು ಕುಳಿತು, "ದ ಪ್ರಿನ್ಸೆಸ್ ಈಸ್ ಸಿಟಿಂಗ್ ಇನ್ ದ ಪಂಪ್ಕಿನ್," ಅಂದು ಓಡಿಹೋದಳು.

"ಮುಂದ ಏನಾತು ಅಂತ ಕೇಳವಲ್ಳಲಾ!" ತಂಗೆವ್ವ ಅಡಿಗೆಮನೆಯ ಬಾಗಿಲಿಗೆ ಬಂದು ಗಂಗಾಂಬಿಕಾಳಿಗೆ ಹೇಳಿದಳು. "ಈ ಇಂಗ್ಲೀಷಿನ್ಯಾಗ ಎಲ್ಲಾರೂ ಕುಂತs ಇರತಾರ. ಯಾರೂ ಎದ್ದು ಮುಂದ ಹೋಗಂಗಿಲ್ಲ. ಕತಿ ಹೆಂಗ ನಡೀಬೇಕು?"

"ನಿಮ್ಮ ಸಣ್ಣ ಸೊಸೀನ್ನ ಕೇಳ್ರಿ ಅತ್ತಿ. ಅಕೀನ ಈಗ ಮಾಸ್ತರಬಾಯಿ."

"ಅಕಿಗೂ ಏನರ ಒಂದ್ ಹಚಗೊಳ್ಳಾಕ ಬೇಕಲ್ಲ, ಪಾಪ."

ಆ 'ಪಾಪ' ಎಂಬ ಮಾತು ಗಂಗಾಂಬಿಕಾಳಿಗೆ ಚುಚ್ಚಿತು. ಹದಿಮೂರು ವರ್ಷ ಈ ಮನೆಯ ಒಲೆಯ ಮುಂದೆ ಕುಳಿತ ತನಗೆ ಯಾರೂ 'ಪಾಪ' ಅಂದಿರಲಿಲ್ಲ.

ಶೀತಲ್ ಎಲ್ಲರನ್ನೂ ತರತರದ ಜಾಗದಲ್ಲಿ ಇಟ್ಟು ಹೇಳುತ್ತಿದ್ದಳು. ಕಾಕಿ ಸೌಂದರ್ಯಾ ಗಿಡದ ಕೆಳಗೆ ತಲೆ ಹಿಕ್ಕುತ್ತಿದ್ದಾಳೆ, ಕಾಕಿ ಮಾಳಿಗೆಯ ಮೇಲೆ ಹಾಡುತ್ತಿದ್ದಾಳೆ. ಅವ್ವನಿಗೆ ಮಾತ್ರ ಒಂದೇ ಸಾಲು: "ಅವ್ವ ಈಸ್ ಕುಕಿಂಗ್ ಇನ್ ದ ಕಿಚನ್." ಆರು ದಿನ ಅದೇ ಸಾಲು ಕೇಳಿದ ಮೇಲೆ ಏಳನೆಯ ದಿನ ಗಂಗಾಂಬಿಕಾ ಬೇಕೆಂತಲೇ ಮೊರದಲ್ಲಿ ಅಕ್ಕಿ ಹಾಕಿಕೊಂಡು ಅಂಗಳಕ್ಕೆ ಬಂದಳು. ಪಾಠ ನಡೆಯುವಲ್ಲಿಂದ ಎರಡು ಮೊಳ ದೂರದಲ್ಲಿ, ಕಟ್ಟೆಯ ಮೇಲೆ ಕುಳಿತು ಅಕ್ಕಿ ಹಸನು ಮಾಡತೊಡಗಿದಳು. ಮುಖಕ್ಕೆ ನೀರು ಹಚ್ಚಿಕೊಂಡು ಬಂದಿದ್ದಳು, ಸೀರೆ ಬದಲಿಸಿದ್ದಳು.

"ಅವ್ವನ ಬಗ್ಗೆ ಹೇಳು," ಅಂದಳು ಸೌಂದರ್ಯಾ.

ಶೀತಲ್ ತಲೆ ಎತ್ತಲೂ ಇಲ್ಲ. "ಅವ್ವ ಈಸ್ ಕುಕಿಂಗ್ ಇನ್ ದ ಕಿಚನ್."

"ಅಲ್ಲಲೇ, ನೋಡಿ ಹೇಳು. ಅವ್ವ ಇಲ್ಲೇ ಕುಂತಾರಲ್ಲ?"

ಗಂಗಾಂಬಿಕಾ ಮೊರ ಎತ್ತಿಕೊಂಡು ಒಳಗೆ ಹೋದಳು. ಆ ಸಂಜೆ ಸಾರಿಗೆ ಉಪ್ಪು ಎರಡು ಸಲ ಬಿತ್ತು.

ಊಟಕ್ಕೆ ಕುಳಿತಾಗ ಅವಳು ಗಂಡನನ್ನು ಕೇಳಿದಳು: "ದಿನಾ ಬಸ್ಸಿಗಿ ಹೋಗಿ ಬರ್ಲಿ ಹುಡುಗಿ. ಓಣ್ಯಾಗ ಮೂರ ಹುಡುಗೋರು ಹೊಕ್ಕಾರ ಅದ ಬಸ್ಸಿಗಿ."

"ಇಂಟರ್‌ವ್ಯೂಕ್ಕ ಕುಂಡ್ರಾಕಿ ಸೌಂದರ್ಯಾ," ಅಂದ ಬಸವಕುಮಾರ. "ಅಲ್ಲಿ ತಾಯಿ ಅಂತ ಬರಸಾಕಿ ಅಕಿ. ನಾಳೆ ಹುಡುಗಿಗಿ ಜ್ವರ ಬಂದ್ರ ಸಾಲ್ಯಾಗ ಯಾರ್ನ ಕರೀತಾರ? ಅಕೀನ್ನ. ಮತ್ತ ಹುಡುಗಿ ಅಲ್ಲೇ ಇರೂದು ಛಲೋ ಅಲ್ಲೇನು?"

"ನಾನs ಕುಂಡ್ರತೇನಿ ಕುರ್ಚಿ ಮ್ಯಾಲೆ."

"ಕುಂತು?"

"ಮಾತಾಡತೇನಿ."

ಬಸವಕುಮಾರ ಮಜ್ಜಿಗೆಯ ಗ್ಲಾಸು ಕೆಳಗಿಟ್ಟು ನಕ್ಕ. ಸಿಟ್ಟಿನಿಂದಲ್ಲ, ಪ್ರೀತಿಯಿಂದಲೇ ನಕ್ಕದ್ದು. ಅದಕ್ಕೇ ಅವಳಿಗೆ ಇನ್ನೂ ಹೆಚ್ಚು ಉರಿಯಿತು.

*

ಮನೆಯ ಹಿಂದಿನ ಶೆಡ್ಡಿನಲ್ಲಿ ನಾಲ್ಕು ಪವರ್‌ಲೂಮುಗಳಿದ್ದವು. ಅವು ಓಡುವಾಗ ಒಳಗೆ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ. ಅಲ್ಲಿ ಎಲ್ಲ ಮಾತೂ ಕೈಯಲ್ಲೇ. ಬೆರಳು ಬಾಯಿಗೆ ಹೋದರೆ ಊಟ, ಹೆಬ್ಬೆರಳು ಎತ್ತಿದರೆ ಚಹಾ, ಅಂಗೈ ನಡುಗಿಸಿದರೆ ಎಳೆ ಹರಿದಿದೆ. ಗಂಗಾಂಬಿಕಾಳ ಮಾವ ಚನಮಲ್ಲಪ್ಪನಿಗಂತೂ ನಲವತ್ತು ವರ್ಷದ ಸದ್ದಿಗೆ ಕಿವಿ ಅರ್ಧ ಹೋಗಿ, ಹೊರಗೂ ಜನರ ತುಟಿ ನೋಡಿಯೇ ಮಾತು ತಿಳಿಯುವ ರೂಢಿಯಾಗಿತ್ತು. ಈ ಊರಿನ ಸೊಸೆಯಂದಿರಿಗೆ ಗೊತ್ತಿರುವ ಒಂದು ಸಂಗತಿಯಿದೆ: ಮಗ್ಗ ಓಡುವ ಜಾಗದಲ್ಲಿ ಏನು ಬೇಕಾದರೂ ಅನ್ನಬಹುದು. ಅತ್ತೆಯನ್ನು ಬೈಯಬಹುದು, ಅಳಬಹುದು, ಹಾಡಬಹುದು. ಆ ಸದ್ದು ಕಥೆಯ ರಾಕ್ಷಸನ ಹಾಗೆ ಎಲ್ಲವನ್ನೂ ನುಂಗಿಬಿಡುತ್ತದೆ.

ಗಂಗಾಂಬಿಕಾ ಮುಂಜಾನೆ ಎರಡು ತಾಸು ಅಲ್ಲಿ ಮೂಲೆಯಲ್ಲಿ ಕುಳಿತು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಈಗ ಅವಳು ಸಂಜೆ ಬಾಗಿಲ ಹಿಂದೆ ನಿಂತು ಪಾಠ ಕೇಳುವುದು, ಕೇಳಿದ್ದನ್ನು ನೂಲಿನ ಪೆಟ್ಟಿಗೆಯ ರಟ್ಟಿನ ಮೇಲೆ ಕನ್ನಡ ಅಕ್ಷರದಲ್ಲಿ ಬರೆದಿಡುವುದು, ಮರುದಿನ ಮುಂಜಾನೆ ಶೆಡ್ಡಿನಲ್ಲಿ ಅದನ್ನು ಗಟ್ಟಿಯಾಗಿ ಅನ್ನುವುದು ಶುರುಮಾಡಿದಳು.

"ಆಯ್ ಆ್ಯಮ್ ಸಿಟಿಂಗ್ ಇನ್ ದ ಶೆಡ್! ಮಾವಾರು ಈಸ್ ಲುಕಿಂಗ್ ಅಟ್ ದ ಥ್ರೆಡ್!"

ಮೊದಮೊದಲು ನಾಲಿಗೆ ಎಡವಿತು. ನಾಲ್ಕನೆಯ ದಿನ ಮಗ್ಗದ ತಾಳಕ್ಕೆ ಮಾತು ಕೂಡಿಕೊಂಡಿತು. ಲಾಳಿ ಅತ್ತ ಹೋಗುವಾಗ 'ಸಿಟಿಂಗ್', ಇತ್ತ ಬರುವಾಗ 'ಇನ್ ದ ಶೆಡ್'. ಒಂದೊಂದು ಕಂಡಿಕೆಗೆ ಒಂದೊಂದು ಸಾಲು ಸುತ್ತಿ ಬುಟ್ಟಿಗೆ ಹಾಕಿದ ಹಾಗೆ ಅನಿಸುತ್ತಿತ್ತು ಅವಳಿಗೆ. ಆ ಕಂಡಿಕೆಗಳಿಂದ ನೇಯ್ದ ಸೀರೆ ಉಟ್ಟ ಯಾವಳೋ ಹೆಂಗಸು ಒಂದು ದಿನ ತನ್ನೂರ ಸಂತೆಯಲ್ಲಿ ನಿಂತಲ್ಲೇ ಇಂಗ್ಲೀಷು ಮಾತಾಡಿಬಿಟ್ಟಾಳು ಎಂದು ಒಮ್ಮೆ ಅನಿಸಿ ನಗು ಬಂತು.

ಚನಮಲ್ಲಪ್ಪ ಒಂದು ಮಧ್ಯಾಹ್ನ ಎಣ್ಣೆಗಾಯಿ ಕಲಸುತ್ತ ಎಲ್ಲರ ಮುಂದೆ ಹೇಳಿದ: "ಹಿರಿ ಸೊಸಿ ಛಲೋ ಹಾದಿ ಹಿಡದಾಳ. ಕಂಡಿಕಿ ಸುತ್ತಕೋತ ವಚನ ಅಂತಾಳ."

"ಯಾವ ವಚನಾರಿ?" ತಂಗೆವ್ವ ಗಂಡನ ಮುಂದೆ ಮುಖ ತಂದು ಕೇಳಿದಳು.

"ಅದು ತಿಳೀಲಿಲ್ಲ. ತುಟಿ ಭಾಳ ಜೋರ್ ಓಡತಾವು. ಆದ್ರ ಭಕ್ತಿ ಐತಿ. ಕಣ್ಣಾಗ ನೀರ ತರಕೊಂಡ ಅಂತಾಳ."

ಸೌಂದರ್ಯಾ ಒಂದು ಕ್ಷಣ ಗಂಗಾಂಬಿಕಾಳನ್ನು ನೋಡಿದಳು. ಗಂಗಾಂಬಿಕಾ ಪಾತ್ರೆಯೊಳಗೆ ಮುಖ ಹಾಕಿ ತಳದ ಅನ್ನ ಕೆರೆದಳು.

*

ಮೂರನೆಯ ವಾರ ಸೆಕೆ ಹೆಚ್ಚಿತು. ಗುರುವಾರ ಮಧ್ಯಾಹ್ನ ಮಾವಿನ ಸೀಕರಣಿ ಊಟ. ಶೀತಲ್ ಎರಡು ವಾಟಗಾ ತುಂಬ ಕುಡಿದು, ಆಯಿಯ ಹೊರಸು ಬಿಟ್ಟು, ಕಾಕಿಯ ಕೋಣೆಗೆ ಹೋಗಿ ಮಲಗಿದಳು. ಗಂಗಾಂಬಿಕಾ ಪಾತ್ರೆ ತೊಳೆದು ಅವಳನ್ನು ಎತ್ತಿಕೊಂಡು ಬರಲು ಹೋದಳು. ಬಾಗಿಲು ಅರ್ಧ ತೆರೆದಿತ್ತು. ಸೌಂದರ್ಯಾ ಗೋಡೆಗೆ ಒರಗಿ ಕುಳಿತು ಬೀಸಣಿಕೆ ಬೀಸುತ್ತಿದ್ದಳು. ಶೀತಲ್ ನಿದ್ದೆಗಣ್ಣಿನಲ್ಲಿ ಅವಳ ಸೆರಗನ್ನು ಮುಷ್ಟಿಯಲ್ಲಿ ಹಿಡಿದು, "ಕಾಕಿ, ಹೋಗಬ್ಯಾಡ," ಅಂದಳು.

"ಎಲ್ಲಿ ಹೋಗಲಿ ನಿನ್ನ ಬಿಟ್ಟು, ನನ್ನ ಬಂಗಾರಾ," ಅಂದಳು ಸೌಂದರ್ಯಾ.

ಗಂಗಾಂಬಿಕಾ ಹೊಸ್ತಿಲು ದಾಟಲಿಲ್ಲ. ನೆಟ್ಟಗೆ ಶೆಡ್ಡಿಗೆ ಹೋದಳು. ಆ ಹೊತ್ತಿನಲ್ಲಿ ಅವಳಿಗೆ ಅಲ್ಲಿ ಕೆಲಸವಿರಲಿಲ್ಲ. ಬಸವಕುಮಾರ ಕೈಯಲ್ಲೇ 'ಏನು?' ಅಂದ. ಅವಳು ಕೈಯಲ್ಲೇ 'ಏನಿಲ್ಲ' ಅಂದು ಮೂಲೆಯಲ್ಲಿ ಕುಳಿತು, ಖಾಲಿ ಕಂಡಿಕೆ ಹಾಕಿ ಮಷಿನ್ ಚಾಲೂ ಮಾಡಿದಳು. ಬಾಯಿ ತಾನೇ ತೆರೆಯಿತು.

"ಶೀತಲ್ ಈಸ್ ಸ್ಲೀಪಿಂಗ್ ಇನ್ ಹರ್ ರೂಮ್! ಆಯ್ ಆ್ಯಮ್ ಸ್ಟ್ಯಾಂಡಿಂಗ್ ಬಿಹೈಂಡ್ ದ ಡೋರ್!"

ಇವು ಯಾರೂ ಕಲಿಸಿದ ಸಾಲುಗಳಲ್ಲ. ಹಿಂದಿನ ದಿನ ಸೌಂದರ್ಯಾ ಬೆಕ್ಕಿನ ಮಾತು ಹೇಳಿಕೊಟ್ಟಿದ್ದಳು: ಬೆಕ್ಕು ಅಡಿಗೆಮನೆಯಿಂದ ಹಾಲು ಕದಿಯುತ್ತಿದೆ. ಗಂಗಾಂಬಿಕಾ ಬೆಕ್ಕನ್ನು ತೆಗೆದು ಆ ಜಾಗದಲ್ಲಿ ನೆಗೆಣ್ಣಿಯನ್ನು ಕೂರಿಸಿದಳು.

"ಸೌಂದರ್ಯಾ ಈಸ್ ಸ್ಟೀಲಿಂಗ್ ಫ್ರಮ್ ಮೈ ಹೌಸ್!"

ಅಂದಾಗ ಎದೆ ತಂಪಾಯಿತು. ಇನ್ನೊಮ್ಮೆ ಅಂದಳು. ಮೂರನೆಯ ಸಲ ಕಣ್ಣು ಮುಚ್ಚಿ, ಕೊರಳಿನ ನರ ಉಬ್ಬುವ ಹಾಗೆ ಕೂಗಿದಳು. ಕರೆಂಟು ದಿನಾ ಹೋಗುವುದು ನಾಲ್ಕಕ್ಕೆ. ಅವತ್ತು ಎರಡೂವರೆಗೇ, ಹೇಳದೆ ಕೇಳದೆ ಹೋಯಿತು.

ನಾಲ್ಕೂ ಮಗ್ಗ ಒಮ್ಮೆಲೇ ನಿಂತವು. ಆ ಸ್ತಬ್ಧ ಮನೆಯೊಳಗೆ ಒಂದೇ ಒಂದು ದನಿ ಪಡಸಾಲೆ ದಾಟಿ, ಅಂಗಳ ದಾಟಿ, ಓಣಿಯವರೆಗೆ ಹೋಯಿತು:

"ಸೌಂದರ್ಯಾ ಈಸ್ ಸ್ಟೀಲಿಂಗ್ ಫ್ರಮ್ ಮೈ ಹೌಸ್!"

ಶೀತಲ್ ದಡಬಡಿಸಿ ಎದ್ದು ಪಡಸಾಲೆಗೆ ಓಡಿ ಬಂದಳು. ಆಟ ಶುರುವಾಯಿತೆಂದು ಅವಳಿಗೆ ಖುಷಿ. "ಆಯಿ, ಅವ್ವಗ ಇಂಗ್ಲೀಷ್ ಬರ್ತೈತಿ! ಕಾಕಿ ನಮ್ಮನ್ಯಾಗ ಕಳವು ಮಾಡಾಕತ್ತಾಳ ಅಂದ್ಳು!"

ಶೆಡ್ಡಿನಿಂದ ಚನಮಲ್ಲಪ್ಪ ಕೈ ಒರೆಸಿಕೊಳ್ಳುತ್ತ ಬಂದ, ಅವನ ಹಿಂದೆ ಗಂಗಾಂಬಿಕಾ. "ಇದ್ಯಾವ ವಚನಾ ಬೇ? ಸೌಂದರ್ಯಾನ ಹೆಸರ ಬಂದಂಗಾತು?"

ಯಾರೂ ನಗಲಿಲ್ಲ. ಸೌಂದರ್ಯಾ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಬೀಸಣಿಕೆ ಹಾಗೇ ಇತ್ತು.

"ಏನ್ ಕದ್ದೇನ್ರೀ ಅಕ್ಕಾ?"

ಗಂಗಾಂಬಿಕಾ ಬೆರಳಿಗೆ ಹತ್ತಿದ ನೂಲಿನ ಎಳೆ ಬಿಡಿಸಿಕೊಳ್ಳತೊಡಗಿದಳು.

"ನಿಮ್ಮನಿ ಅಂದ್ರಿ. ಆತು, ನಿಮ್ಮನೀನ ಆಗ್ಲಿ. ಏನ್ ಕದ್ದೇನಿ, ಹೆಸರಿಟ್ಟ ಹೇಳ್ರಿ. ಇಂಗ್ಲೀಷ್ ಬರ್ತೈತಲ್ಲ ಈಗ, ಇಂಗ್ಲೀಷಿನ್ಯಾಗs ಹೇಳ್ರಿ!"

"ಕನ್ನಡದಾಗs ಹೇಳತೇನಿ, ಕೇಳು!" ಗಂಗಾಂಬಿಕಾ ಸಿಡಿದಳು. "ತಲಿ ಹಿಕ್ಕೂದು ನೀನು. ಉಣಸೂದು ನೀನು. ಮಕ್ಕೊಳೂದು ನಿನ್ನ ಕ್ವಾಣ್ಯಾಗ. ನಾಳಿಗಿ ತಾಯಿ ಅಂತ ಕುರ್ಚಿ ಮ್ಯಾಲೆ ಕುಂಡ್ರೂದೂ ನೀನು. ಹಡದಾಕಿ ನಾನು, ನನಗೇನ್ ಉಳೀತು? ರೊಟ್ಟಿ ಹಂಚಾ?"

"ನಾ ಹಡದಿಲ್ಲ ಅಂತ ಅಲ್ಲೇನ್ರಿ ನೀವು ಹೇಳೂದು? ಹೇಳ್ರಿ ಬಾಯಿ ತುಂಬ! ಮೂರ ವರ್ಷದಿಂದ ಓಣೆಲ್ಲ ಹೇಳತೈತಿ, ನೀವೊಬ್ರು ಬಾಕಿ ಇದ್ರಿ!"

"ಸಾಕ್ ಮಾಡ್ರಿಬೇ!" ತಂಗೆವ್ವ ಅಂದಳು. ಯಾರೂ ಕೇಳಲಿಲ್ಲ.

ಸೌಂದರ್ಯಾ ಒಳಗೆ ಹೋಗಿ ತನ್ನ ತವರಿನ ಟ್ರಂಕನ್ನು ಎಳೆದುಕೊಂಡು ಬಂದಳು. "ನೋಡ್ರಿ. ಎಲ್ಲಾರೂ ನೋಡ್ರಿ. ನಿಮ್ಮನೀದು ಏನೈತಿ ಆರಿಸಿ ತಗೋರಿ," ಎಂದು ಪಡಸಾಲೆಯ ನಡುವೆ ಅದನ್ನು ಬೋರಲು ಹಾಕಿದಳು. ಮದುವೆಯ ಇಲಕಲ್ ಸೀರೆ, ಡಿ.ಎಡ್. ಸರ್ಟಿಫಿಕೇಟಿನ ಪ್ಲಾಸ್ಟಿಕ್ ಚೀಲ, ಪೌಡರ್ ಡಬ್ಬಿ, ಕುಪ್ಪಸದ ಖಣಗಳು. ಎಲ್ಲದರ ತಳದಲ್ಲಿದ್ದದ್ದು ಕೊನೆಗೆ, ಎಲ್ಲದರ ಮೇಲೆ ಬಿತ್ತು.

ಅದೊಂದು ಕುಂಚಿಗೆ. ಹಸುಗೂಸಿನ ತಲೆಗೆ ಹಾಕಿ ಬೆನ್ನಿಗೆ ಇಳಿಬಿಡುವ ಕೆಂಪು ಖಣದ ಕುಂಚಿಗೆ, ಅಂಚಿಗೆ ಹಸಿರು ಜರಿ. ಶೀತಲ್ ಹುಟ್ಟಿದಾಗ ಗಂಗಾಂಬಿಕಾಳ ತಾಯಿ ಅನಸವ್ವ ಸಾವಳಗಿಯಿಂದ ಹೊಲಿದು ತಂದದ್ದು. ಎರಡು ವರ್ಷದ ಹಿಂದೆ ಗಂಗಾಂಬಿಕಾ ಅದಕ್ಕಾಗಿ ಮನೆಯೆಲ್ಲ ಹುಡುಕಿ, ಹಳೆಯ ಬಟ್ಟೆಯ ಜೊತೆ, ಅದಕ್ಕೆ ಬದಲು ಪಾತ್ರೆ ಕೊಡುವ ಭಾಂಡೆಯವಳಿಗೆ ಹೋಗಿರಬೇಕೆಂದು ಅತ್ತು ಸುಮ್ಮನಾಗಿದ್ದಳು.

ಸೌಂದರ್ಯಾ ತಾನೇ ಅದನ್ನು ಈಗ ಕಂಡವಳ ಹಾಗೆ ನಿಂತಳು. ಸಿಟ್ಟಿನಲ್ಲಿ ಅವಳಿಗೆ ಅದು ಮರೆತೇ ಹೋಗಿತ್ತು.

"ನಮ್ಮವ್ವ ಹೇಳಿದ್ಳು," ಅಂದಳು, ದನಿ ಇಳಿದಿತ್ತು. "ಹುಟ್ಟಿ ಚೆಂದಾಗಿ ಬೆಳದ ಕೂಸಿನ ಕುಂಚಿಗಿ ಟ್ರಂಕಿನ್ಯಾಗ ಇಟ್ಟಕೊಂಡ್ರ... ಕೇಳಿದ್ರ ನೀವು ಕೊಡತಿರಲಿಲ್ಲ."

"ಕೊಡತಿರಲಿಲ್ಲ," ಅಂದಳು ಗಂಗಾಂಬಿಕಾ. ಬಗ್ಗಿ ಕುಂಚಿಗೆ ಎತ್ತಿಕೊಂಡು, ಧೂಳು ಕೊಡವಿ, ಮಡಚಿ, ತನ್ನ ಕೋಣೆಗೆ ಹೋಗಿ ಕಪಾಟಿನಲ್ಲಿಟ್ಟು ಕೀಲಿ ಹಾಕಿದಳು.

ಸಂಜೆ ತಂಗೆವ್ವ ಅವಳ ಹತ್ತಿರ ಬಂದು ಕುಳಿತಳು. "ನಾನೂ ಸೊಸಿ ಇದ್ದಾಗ ಶೆಡ್ಡಿನ್ಯಾಗ ಕುಂತು ನಮ್ಮತ್ತಿನ್ನ ಬಾಯಿಗಿ ಬಂದಂಗ ಬೈತಿದ್ದೆ."

ಗಂಗಾಂಬಿಕಾ ಮೂಗು ಒರೆಸಿಕೊಂಡಳು. "ಮತ್ತ?"

"ಮತ್ತೇನು? ಕರೆಂಟ್ ಹೋಗೂ ಹೊತ್ತು ತಪ್ಪಿಸಿ ಬೈತಿದ್ದೆ."

*

ಅನಂತರದ ದಿನಗಳಲ್ಲಿ ಆ ಮನೆಯಲ್ಲಿ ಯಾರು ಎಲ್ಲಿ ಏನು ಮಾಡುತ್ತಿದ್ದಾರೆಂದು ಯಾರೂ ಸಾರಲಿಲ್ಲ. ಸೌಂದರ್ಯಾ ಅಡಿಗೆಮನೆಗೆ ಬರಲಿಲ್ಲ. ತಂಗೆವ್ವ ಅವಳ ತಾಟು ಕೋಣೆಗೆ ಒಯ್ಯುತ್ತಿದ್ದಳು. ಶೀತಲ್ ಒಮ್ಮೆ ತಾಯಿಯ ಹತ್ತಿರ, ಒಮ್ಮೆ ಕಾಕಿಯ ಹತ್ತಿರ ಹೋಗಿ, ಇಬ್ಬರ ಮುಖವನ್ನೂ ನೋಡಿ, ಕೊನೆಗೆ ಆಯಿಯ ಹೊರಸಿಗೆ ಬಂದು ಬಿದ್ದುಕೊಳ್ಳುತ್ತಿದ್ದಳು. "ಮುಂದ ಏನಾತು ಆಯಿ?" ಎಂದು ಕೇಳಿದಾಗ ತಂಗೆವ್ವಳಿಗೆ ಮನೆಯ ಜಗಳದ ನಡುವೆಯೂ ಸುಖವಾಯಿತು. ರಾಜಕುಮಾರಿಯನ್ನು ಕುಂಬಳಕಾಯಿಯಿಂದ ಎಬ್ಬಿಸಿ ಬೇಗಬೇಗ ಮುಂದೆ ಕಳಿಸಿದಳು.

ಇಪ್ಪತ್ತೊಂಬತ್ತನೆಯ ತಾರೀಖು ಬಸವಕುಮಾರ ಸೌಂದರ್ಯಾಳ ಕೋಣೆಯ ಹೊರಗೆ ನಿಂತು ಕೇಳಿದ: "ನಾಳಿಗಿ ಹೆಂಗ ಮತ್ತ?"

"ತಾಯಿ ಹೋಗ್ಲಿ," ಒಳಗಿನಿಂದ ಉತ್ತರ ಬಂತು.

ಮರುದಿನ ಗಂಗಾಂಬಿಕಾ ಮೊದಲ ಬಸ್ಸಿಗೆ ಗಂಡ, ಮಗಳೊಂದಿಗೆ ಹೊರಟಳು. ದಾರಿಯುದ್ದಕ್ಕೂ ಅವಳ ತುಟಿಗಳು ಅಲುಗುತ್ತಿದ್ದವು. ಶಾಲೆಯಲ್ಲಿ ಬಸವಕುಮಾರನನ್ನು ಹೊರಗೆ ಕೂರಿಸಿದರು. ಒಳಗೆ ದೊಡ್ಡ ಮೇಜು, ಮೇಜಿನಾಚೆ ಕನ್ನಡಕದ ಮೇಡಂ, ಈಚೆ ಎರಡು ಕುರ್ಚಿ. ಗಂಗಾಂಬಿಕಾ ಮಗಳ ಪಕ್ಕದ ಕುರ್ಚಿಯಲ್ಲಿ ಕುಳಿತಳು. ಮೂರು ವಾರ ಅವಳು ಆಸೆಪಟ್ಟದ್ದು ಈ ಒಂದು ಪ್ಲಾಸ್ಟಿಕ್ ಕುರ್ಚಿಗೆ.

ಶೀತಲ್ ಗಿಳಿಯ ಹಾಗೆ ಮಾತಾಡಿದಳು. ಗೋಡೆಯ ಚಿತ್ರ ತೋರಿಸಿ ಕೇಳಿದ್ದಕ್ಕೆಲ್ಲ ಯಾರು ಎಲ್ಲಿ ಏನು ಮಾಡುತ್ತಿದ್ದಾರೆಂದು ಪಟಪಟ ಹೇಳಿದಳು. ಮೇಡಂ ಮುಖ ಅರಳಿತು. ಆಮೇಲೆ ಗಂಗಾಂಬಿಕಾಳ ಕಡೆ ತಿರುಗಿ ಇಂಗ್ಲೀಷಿನಲ್ಲಿ ಏನೋ ಕೇಳಿದರು. ಅದು ರಟ್ಟಿನ ಮೇಲಿದ್ದ ಯಾವ ಸಾಲಿಗೂ ಕೂಡಲಿಲ್ಲ.

"ಆಯ್ ಆ್ಯಮ್ ಸಿಟಿಂಗ್ ಆನ್ ದ ಚೇರ್," ಅಂದಳು ಗಂಗಾಂಬಿಕಾ.

ಮೇಡಂ ನಕ್ಕು ಕನ್ನಡಕ್ಕೆ ಇಳಿದರು. "ಇರಲಿ ಬಿಡ್ರಿ. ಹುಡುಗಿ ಭಾಳ ಚಂದ ಮಾತಾಡ್ತಾಳ. ಮನ್ಯಾಗ ಯಾರು ಕಲಿಸಿದ್ರು?"

ಶೀತಲ್ ಬಾಯಿ ತೆರೆದಳು. ಗಂಗಾಂಬಿಕಾ ಮೇಜಿನ ಕೆಳಗೆ ಮಗಳ ಮೊಣಕಾಲನ್ನು ಹಿಡಿದಳು.

"ಆಯ್ ಆ್ಯಮ್ ಟೀಚಿಂಗ್ ಹರ್ ಇನ್ ದ ಹೌಸ್," ಅಂದಳು. ಎಲ್ಲೂ ತಡವರಿಸಲಿಲ್ಲ.

ಮೇಡಂ ಫಾರ್ಮಿನ ಮೇಲೆ ಗುರುತು ಹಾಕಿ, ತಾಯಿಯ ಹೆಸರು ಬರೆಯುವ ಜಾಗ ತೋರಿಸಿ, ಪೆನ್ನು ಕೊಟ್ಟರು.

ವಾಪಸ್ ಬರುವ ಬಸ್ಸಿನಲ್ಲಿ ಶೀತಲ್ ಕಿಟಕಿಯ ಕಡೆ ಮುಖ ಮಾಡಿ ಕುಳಿತಳು. ಬಸವಕುಮಾರ ಹಿಂದಿನ ಸೀಟಿನಲ್ಲಿ ನಿದ್ದೆಹೋಗಿದ್ದ.

"ಕಲಿಸಿದಾಕಿ ಕಾಕಿ ಅಲ್ಲೇನು?"

"ಹೂಂ."

"ಮತ್ತ ನೀ ಸುಳ್ಳ ಯಾಕ ಹೇಳಿದಿ?"

"ಹೊರಗ ನೋಡು, ಕಬ್ಬಿನ ಗಾಡಿ ಹೊಂಟೈತಿ."

"ಕಾಕಿಗಿ ಹೇಳ್ಲಿ?"

ಗಂಗಾಂಬಿಕಾ ಮಗಳ ಕೆದರಿದ ಕೂದಲನ್ನು ಬೆರಳಿನಿಂದ ಸರಿಮಾಡಿದಳು. "ಬ್ಯಾಡ. ನಾನs ಹೇಳತೇನಿ," ಅಂದಳು ಬನಹಟ್ಟಿ ಹತ್ತಿರ ಬಂದಾಗ.

ಮನೆಯಲ್ಲಿ ಸೌಂದರ್ಯಾ ಪಡಸಾಲೆಯಲ್ಲಿ ಕುಳಿತು ಜಮಖಂಡಿಗೆ ಒಯ್ಯುವ ಪಾತ್ರೆಗಳನ್ನು ಹಳೆಯ ಪೇಪರಿನಲ್ಲಿ ಸುತ್ತುತ್ತಿದ್ದಳು. ಕಾಯುತ್ತಿರಲಿಲ್ಲ ಎಂದು ತೋರಿಸಲು ಒಂದೇ ತಂಬಿಗೆಯನ್ನು ಎರಡು ಸಲ ಸುತ್ತಿದಳು.

"ಆತು. ತಗೊಂಡ್ರು," ಅಂದ ಬಸವಕುಮಾರ. "ದಿನಾ ಬಸ್ಸಿಗಿ ಹೋಗಿ ಬರತಾಳ. ತಾಯಿ ಅಂತ ಇಕಿನs ಬರದಕೊಟ್ಟು ಬಂದ್ಳು." ಅವನು ಶೆಡ್ಡಿಗೆ ಹೋದ. ಶೀತಲ್ ಆಯಿಯ ಹಿಂದೆ ಸೇರಿಕೊಂಡಳು.

ಸೌಂದರ್ಯಾ ತಲೆ ಎತ್ತದೆ ಕೇಳಿದಳು, ಹನ್ನೊಂದು ದಿನದ ಮೇಲೆ ಗಂಗಾಂಬಿಕಾಳೊಡನೆ ಆಡಿದ ಮೊದಲ ಮಾತು: "ಯಾರು ಕಲಿಸಿದ್ರು ಅಂತ ಕೇಳಿದ್ರೇನ್ರಿ?"

"ಕೇಳಿದ್ರು."

"ಏನಂದ್ರಿ?"

"ನಾನs ಕಲಸಾಕತ್ತೇನಿ ಅಂದೆ."

ಪೇಪರ್ ಸುತ್ತುತ್ತಿದ್ದ ಕೈ ನಿಂತಿತು. ತಂಗೆವ್ವ ಶೀತಲಳ ಕಿವಿ ಮುಚ್ಚಲು ಹೋಗಿ ಬಿಟ್ಟಳು.

"ಇಂಗ್ಲೀಷಿನ್ಯಾಗ?"

"ಇಂಗ್ಲೀಷಿನ್ಯಾಗ."

"ಹೆಂಗಂದ್ರಿ, ಹೇಳ್ರಿ ನೋಡೂಣು."

ಗಂಗಾಂಬಿಕಾ ಹೇಳಿದಳು. ಸೌಂದರ್ಯಾ ಮಾಸ್ತರಬಾಯಿಯ ಹಾಗೆ ಕೇಳಿಸಿಕೊಂಡಳು. ಅವಳ ಕಣ್ಣು ತುಂಬಿ, ಹರಿಯದೆ ಅಲ್ಲೇ ನಿಂತಿತು.

"ತಪ್ಪಿಲ್ಲ," ಅಂದಳು.

ಗಂಗಾಂಬಿಕಾ ಅವಳೆದುರು ಕುಳಿತು ಒಂದು ಪಾತ್ರೆ ಎಳೆದುಕೊಂಡಳು, ಸುತ್ತತೊಡಗಿದಳು.

"ಸಾಲಿ ಎಷ್ಟಕ್ಕ ಬಿಡತಾರ?" ಸೌಂದರ್ಯಾ ಕೇಳಿದಳು.

"ಮೂರೂವರಿಗಿ."

"ಬಸ್?"

"ನಾಕಕ್ಕ."

"ಅರ್ಧಾ ತಾಸು ಹುಡುಗಿ ಸ್ಟ್ಯಾಂಡಿನ್ಯಾಗ ನಿಂದ್ರಬೇಕು."

"ಓಣಿ ಹುಡುಗೋರು ಇರ್ತಾರ."

"ಅವು ಆಡಾಕ ಹೊಕ್ಕಾವ್ರಿ ಅಕ್ಕಾ."

ಅವಳು ಏನು ಕೇಳುತ್ತಿದ್ದಾಳೆಂದು ಗಂಗಾಂಬಿಕಾಳಿಗೆ ಗೊತ್ತಿತ್ತು. ಪಾತ್ರೆಗೆ ಇನ್ನೊಂದು ಸುತ್ತು ಪೇಪರ್ ಸುತ್ತಿದಳು. "ನೀ ಬಂದು ನಿಂದ್ರು. ಆದ್ರ ನಾಕರ ಬಸ್ ತಪ್ಪಸಬ್ಯಾಡ."

"ನಾಕೂವರಿಗೂ ಒಂದ್ ಐತ್ರಿ."

"ಅದರಾಗ ಸೀಟ್ ಸಿಗಂಗಿಲ್ಲ."

"ನಾ ಹತ್ತಿ ಹಿಡದ ಕೊಡತೇನಿ. ಒಂದ್ ವಾಟಗಾ ಹಾಲ ಕುಡಿಸಿ, ತಲಿ ಹಿಕ್ಕಿ..."

"ತಲಿ ನಾ ಹಿಕ್ಕಿ ಕಳಸತೇನಿ."

"ಹಾಲಷ್ಟ, ಹಂಗಾರ."

"ಬುಧವಾರ ಒಂದ ದಿನ," ಅಂದಳು ಗಂಗಾಂಬಿಕಾ.

"ಶನಿವಾರನೂ. ಶನಿವಾರ ಅರ್ಧಾ ದಿನ ಸಾಲಿ."

"ಬುಧವಾರ."

ಸೌಂದರ್ಯಾ ತಲೆಯಾಡಿಸಿದಳು. ಸೆರಗಿನಿಂದ ಕಣ್ಣು ಒತ್ತಿಕೊಂಡು ಮುಂದಿನ ತಂಬಿಗೆ ತೆಗೆದುಕೊಂಡಳು. ಶೀತಲ್ ಆಯಿಯ ಹಿಂದಿನಿಂದ ಬಂದು ಪಾತ್ರೆಗಳ ನಡುವೆ ಕುಳಿತು, ಇಬ್ಬರಿಗೂ ಒಂದೊಂದು ಪೇಪರ್ ಹರಿದು ಕೊಡತೊಡಗಿದಳು.

ಗಂಗಾಂಬಿಕಾ ಎದ್ದು ಒಳಗೆ ಹೋಗಿ ಒಲೆ ಹೊತ್ತಿಸಿದಳು. ಶಾಲೆಯ ಮೊದಲ ಬುಧವಾರಕ್ಕೆ ಇನ್ನೂ ಎಷ್ಟೋ ದಿನವಿತ್ತು. ಅವಳಿಗೆ ಆಗಲೇ ಹೊಟ್ಟೆ ಉರಿಯತೊಡಗಿತ್ತು.